ತೊಟ್ಟಿಲಲ್ಲಿ ಕೇಳಿದ ನಗು

ಗಡ್ಡ ಹೆರೆದುಕೊಳ್ಳುತ್ತಿದ್ದವನು ರೇಜರನ್ನು ಬದಿಗಿಟ್ಟು, ಎರಡು ಬೆರಳಿನಿಂದ ತನ್ನ ಬಲಗೆನ್ನೆಯನ್ನು ಕೆಳಕ್ಕೆಳೆದು ಕನ್ನಡಿ ನೋಡಿಕೊಂಡ. ಕಣ್ಣಿನ ಕೆಳರೆಪ್ಪೆ ಜೋತು ಒಳಗಿನ ಕೆಂಪು ಕಾಣಿಸಿತು, ಬಾಯಿಯ ಕೊನೆ ಇಳಿಯಿತು, ನೊರೆ ಬೆರಳ ಸಂದಿಯಿಂದ ಜಾರಿ ಮೊಣಕೈವರೆಗೆ ಹರಿಯಿತು. ನಗು ಬರಲಿಲ್ಲ. ಬರುತ್ತದೇನೋ ನೋಡೋಣ ಎಂದು ಇನ್ನಷ್ಟು ಎಳೆದ. ಇದರಲ್ಲಿ ನಗುವಂಥದ್ದೇನೂ ಇರಲಿಲ್ಲ; ನಲವತ್ತು ದಾಟಿದ ಒಬ್ಬ ಗಂಡಸು ಬಚ್ಚಲುಮನೆಯಲ್ಲಿ ನಿಂತು ತನ್ನನ್ನೇ ಅಣಕಿಸಿಕೊಳ್ಳುತ್ತಿದ್ದ, ಅಷ್ಟೆ. ಹಾಗಾದರೆ ನಿನ್ನೆ ಯಾವ ಮಾಯದಲ್ಲಿ ಬಂತು ಆ ನಗು? ಹೊರಗಿನಿಂದ ಹೆಂಡತಿ, “ರೀ, ಒಳಗೇ ಸಂಸಾರ ಹೂಡಿದ್ರಾ ಹೇಗೆ? ಬಸ್ಸು ನಿಮಗೋಸ್ಕರ ಕಾಯಲ್ಲ” ಎಂದಳು. ಪಕ್ಕದ ಕೋಣೆಯಿಂದ ಚಮಚ ಬಟ್ಟಲಿಗೆ ತಾಗುವ ಸದ್ದು, ತಾಗಿ ತಡೆದು ಮತ್ತೆ ತಾಗುವ ಸದ್ದು ಬರುತ್ತಿತ್ತು. ಅಪ್ಪ ಹಾಲಿನಲ್ಲಿ ನೆನೆಸಿದ ಬ್ರೆಡ್ಡು ತಿನ್ನುತ್ತಿದ್ದ. ಲಕ್ವ ಹೊಡೆದು ಬಲಗೈ, ಬಲಗಾಲು, ಬಲಗೆನ್ನೆ ಮೂರೂ ಬಿದ್ದುಹೋದ ಮೇಲೆ ಎಡಗೈಯಲ್ಲಿ ಚಮಚ ಹಿಡಿಯುವುದನ್ನು ಹಠ ಹಿಡಿದು ಕಲಿತಿದ್ದ. ಬಾಯಿಯ ಬಲಗಡೆಯಿಂದ ಹಾಲು ಇಳಿಯುವುದನ್ನು ತಡೆಯುವುದು ಮಾತ್ರ ಅವನಿಂದಾಗುತ್ತಿರಲಿಲ್ಲ. ಅದಕ್ಕೆಂದೇ ಹೆಗಲ ಮೇಲೆ ಸದಾ ಒಂದು ಟವೆಲ್ಲು ಇರುತ್ತಿತ್ತು.

ಅಂಗಿಯ ಗುಂಡಿ ಹಾಕಿಕೊಳ್ಳುತ್ತಿರುವಾಗ ಯಾರೋ ಕರೆಗಂಟೆ ಒತ್ತಿದರು. ಅವನು ಮುಂಬಾಗಿಲಿಗೆ ಹೋಗಲಿಲ್ಲ. ಮೊದಲು ಅಪ್ಪನ ಕೋಣೆಯ ಬಾಗಿಲನ್ನು ಎಳೆದುಕೊಂಡ, ಆಮೇಲೆ ಮುಂಬಾಗಿಲು ತೆರೆದ. ಯೋಚಿಸಿ ಮಾಡಿದ್ದಲ್ಲ, ಕೈಗೆ ರೂಢಿಯಾಗಿಬಿಟ್ಟಿತ್ತು. ಮೇಲಿನ ಮನೆಯವರು ಎರವಲು ಒಯ್ದಿದ್ದ ಏಣಿ ತಂದಿದ್ದರು. “ತಂದೆಯೋರು ಹೇಗಿದ್ದಾರೆ?” ಎಂದು ಕೇಳಿದರು. “ಪರವಾಗಿಲ್ಲ, ಮಲಗಿದ್ದಾರೆ” ಎಂದ. ಬಾಗಿಲ ಹಿಂದೆ ಚಮಚದ ಸದ್ದು ನಿಂತುಹೋಗಿತ್ತು. ಅಪ್ಪನಿಗೆ ಹೊಟ್ಟೆ ತುಂಬಿರಬೇಕು ಎಂದುಕೊಂಡ. ಮೇಲಿನವರು ಹೋದ ಮೇಲೆ ಆ ಬಾಗಿಲನ್ನು ತೆರೆದಿಡಬೇಕಿತ್ತು. ಬಸ್ಸಿನಲ್ಲಿ ಕೂತ ಮೇಲಷ್ಟೇ ಅದು ನೆನಪಾಯಿತು. ಹೆಂಡತಿ ತೆರೆದಿರುತ್ತಾಳೆ ಬಿಡು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಬಸ್ಸು ತಿರುವಿನಲ್ಲಿ ವಾಲಿದಾಗ ನಿಂತವರೆಲ್ಲ ಒಂದೇ ಕಡೆಗೆ ಒರಗಿ, ಒಬ್ಬರ ಕಾಲು ಒಬ್ಬರು ತುಳಿದು, ಗೊಣಗಿ ಮತ್ತೆ ನೆಟ್ಟಗಾದರು. ವೇಗದ ವಿಮಾನ ತಿರುಗುವಾಗ ಪೈಲಟ್ ಇದನ್ನೇ ಎಷ್ಟು ತಾಳುತ್ತಾನೆಂದು ಅಳೆಯುವುದು ಅವನ ಕಸುಬು. ಒಂದು ದೊಡ್ಡ ಗುಂಡನೆಯ ಹಜಾರ, ನಡುವೆ ಒಂದು ಕಂಬ, ಕಂಬದಿಂದ ಚಾಚಿದ ಉಕ್ಕಿನ ಉದ್ದ ತೋಳು, ತೋಳಿನ ತುದಿಗೆ ಒಬ್ಬ ಮನುಷ್ಯ ಹಿಡಿಸುವಷ್ಟು ಒಂದು ಗೂಡು. ಕಾಗದಪತ್ರಗಳಲ್ಲಿ ಅದಕ್ಕೆ ಮಾರುದ್ದದ ಹೆಸರಿತ್ತು. ಕೆಲಸದವರೆಲ್ಲ ಅದನ್ನು ತೊಟ್ಟಿಲು ಎನ್ನುತ್ತಿದ್ದರು. ತೋಳು ಗಿರಗಿರನೆ ತಿರುಗಿದಂತೆ ಒಳಗೆ ಕೂತವನ ಮೈ ಭಾರವಾಗುತ್ತದೆ. ಎರಡು ಜಿ ಎಂದರೆ ತನ್ನ ತೂಕದ ಎರಡರಷ್ಟು, ನಾಲ್ಕು ಜಿ ಎಂದರೆ ನಾಲ್ಕರಷ್ಟು. ನೆತ್ತರು ತಲೆಯನ್ನು ಬಿಟ್ಟು ಕಾಲಿನ ಕಡೆಗೆ ಜಗ್ಗುತ್ತದೆ. ಕೂತವನ ಎದುರಿಗೆ ನಡುವೆ ಒಂದು ಕೆಂಪು ದೀಪ, ಎಡಕ್ಕೊಂದು ಬಲಕ್ಕೊಂದು ಹಸಿರು ದೀಪ. ತಲೆಯಲ್ಲಿ ನೆತ್ತರು ಕಡಿಮೆಯಾದಾಗ ಮೊದಲು ಹೋಗುವುದು ಅಂಚಿನ ನೋಟ. ದೀಪಗಳು ಉರಿಯುತ್ತಲೇ ಇದ್ದರೂ ಹಸಿರೆರಡೂ ಆರಿದಂತೆ ಕಾಣುತ್ತದೆ. ಹಾಗೆ ಕಂಡೊಡನೆ ಕೈಯಲ್ಲಿ ಅದುಮಿ ಹಿಡಿದ ಹಿಡಿಕೆಯನ್ನು ಬಿಡಬೇಕು, ಯಂತ್ರ ನಿಲ್ಲುತ್ತದೆ. ಬಿಡದಿದ್ದರೆ ಕೆಂಪೂ ಹೋಗುತ್ತದೆ, ಹಿಂದೆಯೇ ಎಚ್ಚರವೂ ಹೋಗುತ್ತದೆ. ಎಷ್ಟು ತಡೆದುಕೊಳ್ಳುತ್ತಾನೆ ಎನ್ನುವುದಕ್ಕಿಂತ, ತಡೆಯಲಾಗದ ಘಳಿಗೆ ಅವನಿಗೆ ತಿಳಿಯುತ್ತದೆಯೇ ಎನ್ನುವುದೇ ಅಲ್ಲಿ ಮುಖ್ಯ. ತಿಳಿಯದವನಿಗೆ ವೇಗದ ವಿಮಾನ ಕೊಡುವುದಿಲ್ಲ. ಸಾಮಾನು ಸಾಗಿಸುವ ನಿಧಾನದ ವಿಮಾನ ಕೊಟ್ಟು ಕೈತೊಳೆದುಕೊಳ್ಳುತ್ತಾರೆ.

ಇದರಲ್ಲಿ ಅವನ ಪಾಲಿನದು ಪರದೆಯ ಮೇಲೆ ಮುಖ ನೋಡುವುದು. ತಲೆ ಅರ್ಧ ನೆರೆತಿದ್ದರೂ ಅಲ್ಲಿ ಅವನನ್ನು ಸಣ್ಣ ಡಾಕ್ಟ್ರು ಎಂದೇ ಕರೆಯುತ್ತಿದ್ದರು, ಮೇಲೊಬ್ಬರು ದೊಡ್ಡ ಡಾಕ್ಟ್ರು ಇದ್ದುದರಿಂದ. ಅವನು ನೋಡದ ಮುಖವಿರಲಿಲ್ಲ. ಎಂಥ ಚೆಲುವನೂ ಮೂರು ಜಿಗೆ ಮುದುಕನಾಗುತ್ತಾನೆ. ಹೊಸದಾಗಿ ಸೇರಿದವರು ಮೊದಮೊದಲು ಕಿಸಕ್ಕನೆ ನಗುತ್ತಿದ್ದರು, ಅವನೇ ಗದರಿಸುತ್ತಿದ್ದ. ಒಳಗಿರೋದು ಮನುಷ್ಯ ಕಣ್ರೀ, ಕೋತಿಯಲ್ಲ. ನಿನ್ನೆ ಬಂದಿದ್ದ ಪೈಲಟ್ ಇನ್ನೂ ಮೂವತ್ತಾಗದ ಹುಡುಗ, ಬಾಗಿಲಲ್ಲೇ ಎಲ್ಲರ ಕೈ ಕುಲುಕಿ, ತೊಟ್ಟಿಲು ಎಂಬ ಹೆಸರು ಕೇಳಿ, “ಹಾಗಾದ್ರೆ ಜೋಗುಳ ಹಾಡೋರು ಯಾರು?” ಎಂದು ಎಲ್ಲರನ್ನೂ ನಗಿಸಿದ್ದ. ಯಂತ್ರ ನಡೆಸುವ ಹೆಂಗಸನ್ನು, ಅಲ್ಲಿ ಎಲ್ಲರಿಗೂ ಅವಳು ಅಕ್ಕನೇ, ತಾನೂ ಅಕ್ಕ ಎಂದೇ ಕರೆದಿದ್ದ. ನಾಲ್ಕು ಜಿ ದಾಟಿದಾಗ ‘ದೀಪ ಕಾಣ್ತಿದೆಯಾ’ ಎಂದು ಕೇಳುವುದಕ್ಕೆ ಸಣ್ಣ ಡಾಕ್ಟ್ರು ಮೈಕಿನ ಗುಂಡಿ ಒತ್ತಿದ. ಒತ್ತಿದಾಗ ಮಾತ್ರ ಒಳಗಿನವನಿಗೆ ಹೊರಗಿನ ಸದ್ದು ಕೇಳುತ್ತದೆ. ಕ್ಯಾಮೆರಾ ಬಲಗಡೆಯಿಂದ ನೋಡುತ್ತಿತ್ತು. ಕೆನ್ನೆ ದವಡೆಗಿಳಿಯಿತು, ರೆಪ್ಪೆ ಜೋತಿತು, ಬಾಯಿಯ ಮೂಲೆಯಿಂದ ಎಂಜಲಿನ ಎಳೆಯೊಂದು ಇಳಿಯಿತು, ಮತ್ತು ಪರದೆಯ ತುಂಬ ಅಪ್ಪ ಕೂತಿದ್ದ. ಪ್ರಶ್ನೆ ಗಂಟಲಲ್ಲೇ ಉಳಿದು ನಗು ಹೊರಬಿತ್ತು. ತಡೆದು ತಡೆದು ಕೊನೆಗೆ ಮೂಗಿನಿಂದ ನುಗ್ಗುವಂಥ ಹೇಸಿ ನಗು. ಹೆಬ್ಬೆರಳು ಗುಂಡಿಯ ಮೇಲೇ ಇತ್ತು. ಪರದೆಯ ಮೇಲೆ ಹುಡುಗನ ಕಣ್ಣು ಒಂದು ಸಲ ಕ್ಯಾಮೆರಾದ ಕಡೆಗೆ ಹೊರಳಿತು, ಆಮೇಲೆ ನೇರವಾಯಿತು. ಹಿಡಿಕೆಯ ಮೇಲಿನ ಬೆರಳುಗಳು ಇನ್ನೂ ಬಿಗಿದವು. ಮುಂದೆ ನಡೆದದ್ದನ್ನು ಅವನು ನೂರು ಸಲ ನೋಡಿದ್ದ: ತಲೆ ಎದೆಗೆ ಬಿತ್ತು, ಕೈಗಳು ತಮ್ಮಷ್ಟಕ್ಕೆ ಅದುರಿದವು, ಅಕ್ಕ ಯಂತ್ರ ನಿಲ್ಲಿಸಿದಳು.

ಎಚ್ಚರವಾದ ಹುಡುಗ, “ಯಾರು ಮೂರ್ಛೆ ಹೋಗಿದ್ದು? ನಾನಾ? ದೀಪ ಉರೀತಾನೇ ಇತ್ತಲ್ಲ!” ಎಂದ. ಎಲ್ಲರೂ ಅನ್ನುವುದು ಅದನ್ನೇ. ಎಚ್ಚರ ತಪ್ಪಿದ್ದರ ಜೊತೆಗೆ ಅದರ ಹಿಂದುಮುಂದಿನದೂ ಅಳಿಸಿಹೋಗುತ್ತದೆ. ಅದಕ್ಕೇ ಅಲ್ಲೊಂದು ಪದ್ಧತಿ: ಬಿದ್ದವನಿಗೆ ತಕ್ಷಣ ಟೇಪು ತೋರಿಸುವುದು, ಕಣ್ಣಾರೆ ನೋಡಿ ನಂಬಲಿ ಎಂದು. ಅಕ್ಕ ಟೇಪು ಹಾಕಿದಳು. ಅಂಕಿ ನಾಲ್ಕರ ಹತ್ತಿರ ಬರುತ್ತಿದ್ದಂತೆ ಕೈ ಚಾಚಿ ಸದ್ದಿನ ತಿರುಪನ್ನು ಪೂರ್ತಿ ಇಳಿಸಿದಳು. ಸಣ್ಣ ಡಾಕ್ಟ್ರ ಕಡೆಗೆ ನೋಡಲಿಲ್ಲ. ಹುಡುಗ ತನ್ನ ಮುಖವನ್ನು ತಾನೇ ನೋಡಿ ಪೆಚ್ಚಾಗಿ, “ಥೂ, ಹೀಗಾ ಕಾಣ್ತೀನಿ?” ಎಂದ. ಆ ಘಳಿಗೆಯಲ್ಲಿ ಸಣ್ಣ ಡಾಕ್ಟ್ರಿಗೆ ಹೊಟ್ಟೆ ತಣ್ಣಗಾದಂತಾದದ್ದು ನಿಜ, ಬದುಕಿಕೊಂಡೆ ಎನಿಸಿದ್ದು ನಿಜ. ಹುಡುಗನ ಬದುಕು ಹಾಳಾಗುತ್ತಿದೆ ಎಂಬುದು ಹೊಳೆದದ್ದು ಅದಾದ ಮೇಲೆ. ಹೊಳೆದದ್ದರ ಕ್ರಮವನ್ನು ನೆನೆದು ಅವನಿಗೆ ಈಗ, ಬಸ್ಸಿನ ಕಿಟಕಿಗೆ ಹಣೆ ಆನಿಸಿ ಕೂತಲ್ಲೇ, ನಾಚಿಕೆಯಿಂದ ಕಿವಿ ಬಿಸಿಯಾಯಿತು.

ನಗು ಬಂದದ್ದು ಅದೇ ಮೊದಲಲ್ಲ. ಅಪ್ಪ ಅಂಚೆಕಚೇರಿಯಲ್ಲಿ ಗುಮಾಸ್ತ, ಭಾನುವಾರಗಳಲ್ಲಿ ಮಾತ್ರ ಫುಟ್ಬಾಲ್ ರೆಫ್ರಿ. ವಾರವೆಲ್ಲ ಕಿಟಕಿಯ ಹಿಂದೆ ಬಗ್ಗಿ ಕೂತ ಮನುಷ್ಯ ಭಾನುವಾರ ಕಪ್ಪು ಚಡ್ಡಿ ತೊಟ್ಟು ಮೈದಾನಕ್ಕಿಳಿದರೆ ಎದೆ ಎರಡರಷ್ಟಾಗುತ್ತಿತ್ತು. ಅವನು ಕೆನ್ನೆಯುಬ್ಬಿಸಿ ಒಂದು ಸೀಟಿ ಊದಿದರೆ ಎಂಥ ಪುಂಡನೂ ನಿಂತಲ್ಲೇ ನಿಲ್ಲುತ್ತಿದ್ದ. ಅದು ನನ್ನಪ್ಪ ಎಂದು ಗೆಳೆಯರಿಗೆ ಹೇಳಿ ಹೇಳಿ ಬಾಯಿ ನೋಯಿಸಿಕೊಂಡಿದ್ದ ಮಗ. ಲಕ್ವ ಹೊಡೆದ ಮೇಲೆ ವ್ಯಾಯಾಮ ಹೇಳಿಕೊಡಲು ಬರುತ್ತಿದ್ದಾಕೆ ಕೆನ್ನೆಗೆ ಬಲ ಬರಲು ಏನಾದರೂ ಊದಬೇಕೆಂದಾಗ ಅಪ್ಪ ಕಣ್ಣಲ್ಲೇ ಕಪಾಟು ತೋರಿಸಿದ್ದ. ಮಗ ಸೀಟಿ ತಂದು ತುಟಿಗಿಟ್ಟ. ಅಪ್ಪ ಇದ್ದಬದ್ದ ಶಕ್ತಿಯೆಲ್ಲ ಸೇರಿಸಿ ಊದಿದ. ಗಾಳಿ ಬಲಗಡೆಯ ಸಡಿಲ ತುಟಿಯಿಂದ ಪುಸ್ಸೆಂದು ಹೊರಟುಹೋಯಿತು. ಆಗ ಬಂದಿತ್ತು ನಗು, ಮೂಗಿನಿಂದ ನುಗ್ಗಿದ ಇದೇ ನಗು. ಆಕೆಯೂ ಸುಮ್ಮನೆ ಮುಗುಳ್ನಕ್ಕಳು, ಹೆಂಡತಿ ಮಾತ್ರ ಗಂಡನ ಮುಖವನ್ನು ಹೊಸಬನನ್ನು ನೋಡಿದ ಹಾಗೆ ನೋಡಿದಳು. ಅಪ್ಪ ಸೀಟಿಯನ್ನು ಅಂಗಿಗೆ ಒರೆಸಿ ಜೇಬಿಗೆ ಹಾಕಿಕೊಂಡ. ಮತ್ತೆ ಊದಲಿಲ್ಲ. ಕೋಣೆಯ ಬಾಗಿಲು ಹಾಕುವ ರೂಢಿ ಶುರುವಾದದ್ದು ಅದಾದ ಮೇಲೆ. ಬಂದವರ ಎದುರಿಗೆ ಮತ್ತೆ ನಗು ಬಂದುಬಿಟ್ಟರೆ ಗತಿಯೇನು ಎಂದು ಮುಚ್ಚುತ್ತಿದ್ದನೇ ಹೊರತು ಅಪ್ಪನಿಗಾಗಿ ಅಲ್ಲ. ಹೆಂಡತಿಗೆ ಮಾತ್ರ ಅಪ್ಪನಿಗಾಗಿಯೇ ಎಂದು ಹೇಳಿದ್ದ.

ಅವನು ಕೆಲಸಕ್ಕೆ ಬಂದೊಡನೆ ಮಹಡಿಯ ಕೋಣೆಯಲ್ಲಿ ದೊಡ್ಡ ಡಾಕ್ಟ್ರು ಕನ್ನಡಕ ಹಣೆಗೇರಿಸಿ, “ಏನಪ್ಪಾ, ಆ ಹುಡುಗನ ವಿಷಯ? ಮುನ್ಸೂಚನೆ ಇಲ್ಲದೆ ಬೀಳ್ತಾನೆ ಅಂತ ಬರೆದು ಮುಗಿಸೋಣವಾ? ಪಾಪ, ಒಳ್ಳೇ ಹುಡುಗ. ಆದ್ರೆ ನೀನೇ ನೋಡಿದೀಯಲ್ಲ” ಎಂದರು. ಮೆಟ್ಟಿಲು ಹತ್ತುವಾಗ ಅವನು ಮಾತನ್ನು ಸಿದ್ಧಮಾಡಿಕೊಂಡೇ ಬಂದಿದ್ದ: ಹಸಿರು ಹೋದದ್ದು ಅವನಿಗೆ ತಿಳಿದಿತ್ತು ಸರ್, ನಾನು ನಕ್ಕೆ, ಅದಕ್ಕೆ ಹಠಕ್ಕೆ ಬಿದ್ದು ಕೈ ಬಿಡಲಿಲ್ಲ. ಎರಡು ಉಸಿರಿನ ಮಾತು. ಬಾಯಿ ತೆರೆದ. ಹೊರಬಂದದ್ದು ಬೇರೆ. “ಎಡಗಡೆ ಹಸಿರು ದೀಪ ಸ್ವಲ್ಪ ಮಿಣುಕ್ತಾ ಇತ್ತು ಅನ್ಸುತ್ತೆ ಸರ್. ನಿನ್ನೆಯ ಪರೀಕ್ಷೆನ ನಂಬೋ ಹಾಗಿಲ್ಲ. ಇನ್ನೊಂದ್ಸಲ ಕೂರಿಸೋಣ.” ಹೇಳುತ್ತಿರುವಾಗಲೇ ಎಂಥ ಜಾಣ ನಾನು ಎನಿಸಿ ಒಂದು ಕ್ಷಣ ಖುಷಿಯೂ ಆಯಿತು, ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ದೊಡ್ಡ ಡಾಕ್ಟ್ರ ಮುಖ ಬಿಗಿಯಿತು. “ದೀಪ ನೋಡ್ಕೊಳ್ಳೋದು ಯಾರು?” ಅವನು ಉತ್ತರ ಕೊಡಬೇಕಾಗಿ ಬರಲಿಲ್ಲ, ಅವರು ಆಗಲೇ ಅಕ್ಕನನ್ನು ಕರೆಸಿದ್ದರು.

ಅಕ್ಕ ಕೈ ಒರೆಸಿಕೊಳ್ಳುತ್ತ ಬಂದಳು. “ಏನಮ್ಮಾ, ದೀಪ ಮಿಣುಕ್ತಾ ಇತ್ತಂತೆ. ನೋಡಿರ್ಲಿಲ್ವಾ? ಒಬ್ಬನ ಅನ್ನದ ಪ್ರಶ್ನೆ ಇದು, ಗೊತ್ತಾಗಲ್ವಾ?” ಅವಳು ಸಣ್ಣ ಡಾಕ್ಟ್ರ ಮುಖ ನೋಡಿದಳು. ಅವನು ಮೇಜಿನ ಅಂಚಿನಲ್ಲಿ ಮೇಲೆದ್ದ ಸಿಬಿರೊಂದನ್ನು ಉಗುರಿನಿಂದ ಕೀಳುತ್ತಿದ್ದ. ಈಗ ಹೇಳುತ್ತಾಳೆ, ಹೇಳಿಬಿಡಲಿ, ನಾನೂ ತಲೆ ಅಲ್ಲಾಡಿಸಿಬಿಡುತ್ತೇನೆ ಎಂದು ಕಾದ. “ನೋಡಿದ್ದೆ ಸರ್” ಎಂದಳು ಅಕ್ಕ. ಅವನ ಉಗುರನ್ನು ನೋಡಿ, “ಇನ್ನೊಂದ್ಸಲ ನೋಡ್ಬೇಕಿತ್ತು. ತಪ್ಪಾಯ್ತು” ಎಂದಳು. ದೊಡ್ಡ ಡಾಕ್ಟ್ರು ಇನ್ನೂ ನಾಲ್ಕು ಮಾತು ಆಡಿದರು. ಅಕ್ಕನಿಗೆ ಮಗನಾಗಬಹುದಾದ ವಯಸ್ಸಿನ ಟೈಪಿಸ್ಟ್ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ. ಮೆಟ್ಟಿಲಿಳಿಯುವಾಗ ಸಣ್ಣ ಡಾಕ್ಟ್ರು, “ಅಕ್ಕಾ, ನಾನು...” ಎಂದು ಶುರುಮಾಡಿದ. ಅವಳು, “ಬಲ್ಬು ಬದಲಾಯಿಸ್ಬೇಕು ಸರ್, ಹೊತ್ತಾಗುತ್ತೆ” ಎಂದು ಮುಂದೆ ಹೋದಳು. ಚೆನ್ನಾಗಿ ಉರಿಯುತ್ತಿದ್ದ ಬಲ್ಬನ್ನು ತೆಗೆದು, ಚೆನ್ನಾಗಿ ಉರಿಯುವ ಇನ್ನೊಂದನ್ನು ಹಾಕಿದಳು. ತೆಗೆದದ್ದನ್ನು ಬಟ್ಟೆಯಲ್ಲಿ ಸುತ್ತಿ ತನ್ನ ಡ್ರಾಯರಿನಲ್ಲಿಟ್ಟಳು.

ಯಾವ ಭಾಗ ದುರಸ್ತಿಯಾದರೂ ಹೊರಗಿನವರನ್ನು ಕೂರಿಸುವ ಮೊದಲು ತಮ್ಮಲ್ಲೊಬ್ಬರು ಕೂತು ನೋಡಬೇಕು ಎಂಬುದು ಅಲ್ಲಿನ ಕಟ್ಟಳೆ. ಯಾವಾಗಲೂ ಕೂರುತ್ತಿದ್ದವಳು ಅಕ್ಕ. ಇವತ್ತು ಅವಳು ಹೆಲ್ಮೆಟನ್ನು ಅವನ ಕೈಗೆ ಕೊಟ್ಟಳು. “ನೀವೇ ಕೂತ್ಕೊಳ್ಳಿ ಸರ್. ದೀಪ ಸರಿಯಾಗಿದೆಯೋ ಇಲ್ವೋ ನಿಮ್ಮ ಕಣ್ಣಿಗೇ ಗೊತ್ತಾಗ್ಲಿ.” ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು. ಪೈಲಟ್ ಆಗಲೇ ಬಂದು ಕಂಟ್ರೋಲ್ ರೂಮಿನಲ್ಲಿ ಕೂತಿದ್ದ, ಸಣ್ಣ ಡಾಕ್ಟ್ರ ಕುರ್ಚಿಯಲ್ಲೇ. “ಡಾಕ್ಟ್ರೇ, ಇವತ್ತು ನೀವು ಮಗು, ನಾವು ತೂಗೋರು” ಎಂದು ನಕ್ಕ.

ಒಳಗೆ ಯಾರದೋ ಹಳೆಯ ಬೆವರಿನ ವಾಸನೆಯಿತ್ತು. ಪಟ್ಟಿ ಬಿಗಿದರು, ಬಾಗಿಲು ಮುಚ್ಚಿದರು. ಕೆಂಪು ದೀಪ, ಹಸಿರು ದೀಪಗಳು, ಹಿಡಿಕೆ. “ಶುರು ಮಾಡ್ತೀನಿ ಸರ್” ಎಂದಿತು ಅಕ್ಕನ ದನಿ, ಆಮೇಲೆ ಮೈಕು ಮುಚ್ಚಿತು. ಮೊದಲು ತೊಡೆಯ ಮೇಲಿನ ಕೈ ತನ್ನದಲ್ಲವೆನಿಸಿತು. ಆಮೇಲೆ ನಾಲಗೆ ಬಾಯಿಯ ತಳಕ್ಕೆ ಕೂತಿತು. ಕೆನ್ನೆಗಳು ಇಳಿಯುತ್ತಿರುವುದು ತಿಳಿಯುತ್ತಿತ್ತು, ಎತ್ತಿಕೊಳ್ಳೋಣವೆಂದರೆ ಆಗುತ್ತಿರಲಿಲ್ಲ. ಅಪ್ಪನಿಗೂ ಹೀಗೇ ತಿಳಿಯುತ್ತಿರಬಹುದೇ? ಈ ಯೋಚನೆ ಇಷ್ಟು ದಿನ ಒಮ್ಮೆಯೂ ಬಂದಿರಲಿಲ್ಲ. ಅಪ್ಪನ ಮುಖ ಹೊರಗಿನಿಂದ ಹೇಗೆ ಕಾಣುತ್ತದೆ ಎಂದಷ್ಟೇ ನೋಡಿದ್ದ, ಒಳಗಿನಿಂದ ಅದು ಅಪ್ಪನಿಗೆ ತಿಳಿಯುತ್ತಿದೆ ಎಂದು ಹೊಳೆದಿರಲಿಲ್ಲ. ತುಟಿಯ ಬದಿಯಿಂದ ಏನೋ ಬೆಚ್ಚಗೆ ಇಳಿಯಿತು. ಆ ಹುಡುಗ ನೋಡುತ್ತಿದ್ದಾನೆ, ಅಕ್ಕ ನೋಡುತ್ತಿದ್ದಾಳೆ. ಎಡದ ಹಸಿರು ಹೋಯಿತು. ಬಲದ್ದೂ ಹೋಯಿತು. ಈಗ ಬಿಡಬೇಕು ಎಂದು ಚೆನ್ನಾಗಿ ಗೊತ್ತಿತ್ತು, ಆದರೂ ಬಿಡಲಿಲ್ಲ. ಈಗ ಮೈಕು ತೆರೆಯುತ್ತದೆ, ಈಗ ಯಾರಾದರೂ ನಗುತ್ತಾರೆ. ನಕ್ಕುಬಿಡಲಿ, ಸರಿಗೆ ಸರಿಯಾಗಿಹೋಗಲಿ ಎಂದು ಕಿವಿ ನಿಮಿರಿಸಿ ಕಾದ. ಕೆಂಪು ದೀಪ ಸಣ್ಣದಾಗುತ್ತ ಸಾಸಿವೆಯಷ್ಟಾಯಿತು. ಭಾನುವಾರದ ಮೈದಾನ, ಎಲ್ಲರೂ ನಿಂತಲ್ಲೇ ನಿಂತಿದ್ದಾರೆ, ಸೀಟಿ ಇನ್ನೂ ಊದಿಲ್ಲ.

“ಸರ್. ಸರ್. ಕೇಳ್ತಿದೆಯಾ?”

“ಏನಾಯ್ತು? ನಾನೇನು ಮೂರ್ಛೆ ಹೋಗ್ಲಿಲ್ಲ” ಎಂದ ಅವನು. ಎಂದಮೇಲೆ ತನ್ನ ಮಾತು ತನಗೇ ಕೇಳಿಸಿತು.

ಪದ್ಧತಿಯಂತೆ ಟೇಪು ಹಾಕಿದರು. ಅಕ್ಕ ಈ ಸಲ ಸದ್ದು ಇಳಿಸಲಿಲ್ಲ. ಅವನು ಪರದೆಯಲ್ಲಿ ಅಪ್ಪನನ್ನು ನೋಡಿದ, ಬಲಗಡೆಯಿಂದ. ಅದೇ ರೆಪ್ಪೆ, ಅದೇ ತುಟಿ, ಅದೇ ಎಂಜಲು. ಯಂತ್ರದ ಮೊರೆತದ ಹಿಂದೆ ಕಂಟ್ರೋಲ್ ರೂಮಿನ ಸದ್ದೂ ಟೇಪಿನಲ್ಲಿತ್ತು: ಯಾರೋ ಕೆಮ್ಮಿದರು, ಕುರ್ಚಿ ಕಿರುಗುಟ್ಟಿತು. ನಗು ಎಲ್ಲಿಯೂ ಇರಲಿಲ್ಲ. ಹುಡುಗನ ಕಡೆಗೆ ತಿರುಗಿದ. ಅವನು ಪರದೆ ನೋಡುತ್ತಲೇ ಇರಲಿಲ್ಲ. ಬಗ್ಗಿ, ಸರಿಯಾಗಿಯೇ ಕಟ್ಟಿದ್ದ ಬೂಟಿನ ಲೇಸನ್ನು ಬಿಚ್ಚಿ ಮತ್ತೆ ಕಟ್ಟಿಕೊಳ್ಳುತ್ತಿದ್ದ. ಟೇಪು ಮುಗಿದ ಮೇಲಷ್ಟೇ ತಲೆಯೆತ್ತಿ, “ನೀರು ಕುಡೀತೀರಾ ಡಾಕ್ಟ್ರೇ?” ಎಂದ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಭೂಮಿ ಬಾಯಿಬಿಡಬಾರದೇ ಎನ್ನುತ್ತಾರಲ್ಲ, ಹಾಗಾಯಿತು ಅವನಿಗೆ, ಒಂದು ಲೋಟ ನೀರಿನ ಮುಂದೆ.

ಹುಡುಗನ ಸರದಿ ಬಂದಾಗ ಸಣ್ಣ ಡಾಕ್ಟ್ರು ಮೈಕನ್ನು ಅಕ್ಕನ ಕಡೆಗೆ ತಳ್ಳಿ, ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತ. ಹುಡುಗ ಸರಿಯಾದ ಘಳಿಗೆಗೆ ಹಿಡಿಕೆ ಬಿಟ್ಟ. “ಹಸಿರು ಹೋಯ್ತು ಅಕ್ಕಾ” ಎಂದು ಒಳಗಿನಿಂದ ಹೇಳಿದ ಕೂಡ. ದೊಡ್ಡ ಡಾಕ್ಟ್ರು ಬಂದು ನೋಡಿ, ಬೆನ್ನು ತಟ್ಟಿ ಸಹಿ ಹಾಕಿ ಹೋದರು. ಹೊರಡುವ ಮುಂಚೆ ಹುಡುಗ ಸಣ್ಣ ಡಾಕ್ಟ್ರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. “ನಿಮ್ಮಿಂದ ಉಳ್ಕೊಂಡೆ ಡಾಕ್ಟ್ರೇ. ಬೇರೆ ಯಾರಾದ್ರೂ ಆಗಿದ್ರೆ ಆ ದೀಪನ ಗಮನಿಸ್ತಾನೇ ಇರ್ಲಿಲ್ಲ.” ಅಕ್ಕ ಪಕ್ಕದಲ್ಲೇ ತಂತಿ ಸುತ್ತುತ್ತಿದ್ದಳು. ಬಾಗಿಲವರೆಗೆ ಹೋದ ಹುಡುಗ ತಿರುಗಿ ಬಂದ. “ಒಂದು ಕೇಳ್ಲಾ? ಮೂರ್ಛೆಲಿ ಕನಸು ಬೀಳುತ್ತಂತೆ, ನಿಜವಾ? ನಿನ್ನೆ ಯಾರೋ ನನ್ನ ನೋಡಿ ನಕ್ಕ ಹಾಗಾಯ್ತು. ರಾತ್ರಿಯೆಲ್ಲ ಅದೇ. ಜೋಗುಳ ಹಾಡೋರು ಯಾರು ಅಂತ ಕೇಳಿದ್ನಲ್ಲ, ಅದಕ್ಕೇ ಇರ್ಬೇಕು.” ನಗುತ್ತಲೇ ಕೇಳಿದ, ಆದರೆ ಕಣ್ಣು ಉತ್ತರಕ್ಕೆ ಕಾಯುತ್ತಿತ್ತು. ತಂತಿ ಸುತ್ತುತ್ತಿದ್ದ ಕೈ ನಿಂತಿತು. ಇದಕ್ಕಿಂತ ಸುಲಭವಾಗಿ ಯಾರೂ ಯಾರಿಗೂ ಬಾಗಿಲು ತೆರೆದಿರಲಾರರು. ಒಂದು ಹೆಜ್ಜೆ ಇಟ್ಟರೆ ಸಾಕಿತ್ತು. “ಹೌದು” ಎಂದ ಸಣ್ಣ ಡಾಕ್ಟ್ರು. “ಎಚ್ಚರ ತಪ್ಪಿದಾಗ ಹಾಗೆ ಏನೇನೋ ಕೇಳ್ಸುತ್ತೆ. ತಲೆಗೆ ಹಚ್ಕೋಬೇಡಿ.” ಹುಡುಗ, “ಅಬ್ಬಾ, ಈಗ ನೆಮ್ಮದಿ” ಎಂದು ಹೊರಟುಹೋದ. ಅಕ್ಕ ತಂತಿಯನ್ನು ಗೂಟಕ್ಕೆ ನೇತುಹಾಕಿ ಚೀಲ ಎತ್ತಿಕೊಂಡಳು. “ನಾಳೆ ಬರ್ತೀನಿ ಸರ್” ಎಂದಳು, ದಿನಾ ಹೇಳುವ ಹಾಗೆಯೇ.

ಸಂಜೆ ಮನೆಗೆ ಬಂದಾಗ ಅಪ್ಪನ ಕೋಣೆಯ ಬಾಗಿಲು ಮುಚ್ಚಿತ್ತು. “ನೀನು ತೆಗೀಲಿಲ್ವಾ?” ಎಂದು ಹೆಂಡತಿಯನ್ನು ಕೇಳಿದ. ಕೇಳುವಾಗ ದನಿ ಏರಿತು, ತನ್ನ ತಪ್ಪಿಗೆ ಅವಳೊಬ್ಬಳು ಸಿಕ್ಕಿದಳೆಂಬ ಹಾಗೆ. “ಬೆಳಿಗ್ಗೆನೇ ತೆಗೆದೆ. ಮಾವನೋರೇ ಹಾಕ್ಕೋತಾರೆ ಕಣ್ರೀ. ಗೇಟಿನ ಸದ್ದಾದ್ರೆ ಸಾಕು, ಎದ್ದು ಬಂದು ಹಾಕ್ಕೋತಾರೆ. ನಿಮಗೆ ಗೊತ್ತಿರ್ಲಿಲ್ವಾ?” ಎಂದಳು. ಹಾಸಿಗೆಯಿಂದ ಕೋಣೆಯ ಬಾಗಿಲವರೆಗೆ ಅಪ್ಪ ಆ ಕಾಲು ಎಳೆದುಕೊಂಡು ಬರಲು ಎಷ್ಟು ಹೊತ್ತು ಬೇಕೆಂದು ಅವನಿಗೆ ಗೊತ್ತಿತ್ತು. ಊಟಕ್ಕೆ ಬಡಿಸಿದಾಗ ತನ್ನ ತಟ್ಟೆಯನ್ನು ಕೈಗೆತ್ತಿಕೊಂಡ. “ಎಲ್ಲಿಗೆ?” ಎಂದಳು ಹೆಂಡತಿ. “ಅಲ್ಲೇ ಕೂತು ತಿಂತೀನಿ” ಎಂದ. ತಟ್ಟೆ ಹಿಡಿದ ಕೈಯ ಮೊಣಕೈಯಿಂದಲೇ ದೂಡಿ ಬಾಗಿಲು ತೆರೆದ.

ಅಪ್ಪ ಕಿಟಕಿಯ ಕಡೆಗೆ ಮುಖ ಮಾಡಿ ತಿನ್ನುತ್ತಿದ್ದ. ಬಾಗಿಲಿನ ಸದ್ದಿಗೆ ಚಮಚವನ್ನು ಬಟ್ಟಲಿಗೆ ತಾಗದ ಹಾಗೆ ಮೆಲ್ಲಗೆ ಇಳಿಸಿದ. ಬೆಳಿಗ್ಗೆ ಸದ್ದು ನಿಂತದ್ದು ಹೊಟ್ಟೆ ತುಂಬಿ ಅಲ್ಲ. ಎಡಗೈ ಹೆಗಲಿಗೆ ಹೋಯಿತು, ಟವೆಲ್ಲನ್ನು ಎಳೆದು ಮೂಗಿನಿಂದ ಗಲ್ಲದವರೆಗೆ ಮುಚ್ಚಿಕೊಂಡಿತು. ಆಮೇಲೆ ತಿರುಗಿ ಮಗನನ್ನು ನೋಡಿದ. ಟವೆಲ್ಲಿನ ಹಿಂದಿನಿಂದ ಮಾತು ತೊದಲಿ ತೊದಲಿ ಬಂತು.

“ಯಾರು... ಬಂದ್ರು?”

“ಯಾರೂ ಬಂದಿಲ್ಲಪ್ಪ. ನಾನೇ.”

ಅಪ್ಪ ಅವನ ಬೆನ್ನ ಹಿಂದೆ ಇಣುಕಿ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಮಗ ಸ್ಟೂಲು ಎಳೆದು ಎದುರಿಗೆ ಕೂತು, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕಾದ. ಬಟ್ಟಲಿನಲ್ಲಿ ಊಟ ಆರುತ್ತಿತ್ತು. ಅಪ್ಪ ಟವೆಲ್ಲು ತೆಗೆಯಲಿಲ್ಲ.